ಚಲಾವಣೆಗೆ ಬಂದಿದ್ದಕ್ಕೆ ನಮ್ಮ ಮನೆಯ ನೋಟೇ ಸಾಕ್ಷಿ
ಯಾವುದಾದರೂ ಘಟನೆಯ ಅಥವಾ ವ್ಯಕ್ತಿಯ ನೆನಪಿಗೆ ಅಚ್ಚು ಹಾಕುವ ಸ್ಮರಣಾರ್ಥ ನೋಟುಗಳ ಬಗ್ಗೆ ಒಂದು ಲೇಖನ ಓದಿದೆ. 'ಸ್ಮರಣಾರ್ಥ ನೋಟುಗಳು ಸಂಗ್ರಹಕಾರರಿಗಷ್ಟೇ, ಪೇಟೆಯಲ್ಲಿ ನಡೆಯಲ್ಲ' ಅಂತ ಅದರ ಲೇಖಕರು ಒಂದೇ ಏಟಿಗೆ ಹೇಳಿಬಿಟ್ಟಿದ್ದಾರೆ. ಇದು ಪೂರ್ತಿ ಸರಿಯಲ್ಲ. 1969ರಲ್ಲಿ ಗಾಂಧೀಜಿ ಜನ್ಮಶತಮಾನೋತ್ಸವಕ್ಕೆ ಬಂದ ಹತ್ತು ರೂಪಾಯಿ ನೋಟು ನಮ್ಮಲ್ಲಿದೆ. ಸೇವಾಗ್ರಾಮದ ಹಿನ್ನೆಲೆಯಲ್ಲಿ ಕೂತ ಗಾಂಧೀಜಿ ಚಿತ್ರದ್ದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ನಮ್ಮಜ್ಜನ ಗಲ್ಲಾಪೆಟ್ಟಿಗೆಗೆ ಬಂದದ್ದು. ನಾಲ್ಕು ಮಡಿಕೆ ಬಿದ್ದಿದೆ, ಒಂದು ಮೂಲೆಯಲ್ಲಿ ಮೆಣಸಿನಕಾಯಿಯ ಕೆಂಪು ಕಲೆ ಇನ್ನೂ ಇದೆ. ನಡೆಯದ ನೋಟಿಗೆ ಆ ಕಲೆ ಎಲ್ಲಿಂದ ಬರಬೇಕು?

ಹೊರದೇಶದಲ್ಲೂ ಅಷ್ಟೇ. ಆಸ್ಟ್ರೇಲಿಯಾ 1988ರಲ್ಲಿ ತಂದ ಪಾಲಿಮರ್ (ಒಂದು ಬಗೆಯ ಪ್ಲಾಸ್ಟಿಕ್) ಹತ್ತು ಡಾಲರ್ ಸ್ಮರಣಾರ್ಥ ನೋಟೇ, ಆದರೂ ಜನ ಖರ್ಚು ಮಾಡಿದರು. ರೊಮೇನಿಯಾ 1999ರ ಸೂರ್ಯಗ್ರಹಣಕ್ಕೆ ತಂದ 2000 ಲೇಯಿ ನೋಟೂ ಅಸಲಿ ದುಡ್ಡೇ. ಲೇಖಕರ ಮಾತು ಕುವೈತಿನ 1993ರ ಒಂದು ದಿನಾರಿಗೆ ಒಪ್ಪುತ್ತದೆ, ಅದು ಬರೀ ನೆನಪಿಗೆ ಅಂತಲೇ ಅಚ್ಚಾಗಿದ್ದು. ಅಂಥ ನೋಟು ಕೊಳ್ಳುವ ಮುಂಚೆ ಅದು ಚಲಾವಣೆಯದ್ದೋ ಬರೀ ನೆನಪಿನದ್ದೋ ಅಂತ ವಿಚಾರಿಸಬೇಕು, ಅಲ್ವಾ?

ಅಂದಹಾಗೆ, ಹುಬ್ಬಳ್ಳಿಯಲ್ಲಿ ಒಬ್ಬ ವ್ಯಾಪಾರಿ ನಮ್ಮ ನೋಟು ನೋಡಿ 'ಕಲೆ ಇದೆ, ಜಾಸ್ತಿ ಬರಲ್ಲ' ಅಂದ. ನಾನು ಮಾರೋಕೆ ಹೋಗಿರಲಿಲ್ಲ, ಸುಮ್ನೆ ತೋರಿಸೋಕೆ ಹೋಗಿದ್ದೆ.