ಯಾವ ಲಾಸನ್?

ಪಂಚಮಿ ಹತ್ತಿರ ಬಂತೆಂದರೆ ನಮ್ಮ ಮದರಂಗಿ ಗಿಡ ಬೋಳಾಗುತ್ತದೆ. ಧಾರವಾಡದ ನಮ್ಮ ಓಣಿಗೆ ಇರುವುದು ಅದೊಂದೇ ಗಿಡ, ಎಲ್ಲ ಹೆಣ್ಣುಮಕ್ಕಳ ಕಣ್ಣೂ ಅದರ ಮೇಲೆ. ಈ ಸಲ ಅವರು ತಪ್ಪಲು ಹರಿಯುತ್ತಿದ್ದಾಗ ನಾನು ಕಟ್ಟೆಯ ಮೇಲೆ ಕೂತು, ಎಲ್ಲರೂ ಸೇರಿ ಬರೆಯುವ ಒಂದು ಆನ್‌ಲೈನ್ ವಿಶ್ವಕೋಶದಲ್ಲಿ ಅದೇ ಗಿಡದ ಬಗ್ಗೆ ಓದುತ್ತಿದ್ದೆ.

ಮದರಂಗಿಗೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರು ಲಾಸೋನಿಯಾ ಇನರ್ಮಿಸ್. ಇನರ್ಮಿಸ್ ಅಂದರೆ ಮುಳ್ಳಿಲ್ಲದ್ದು. ನಮ್ಮ ಹಳೇ ಗಿಡದ ಟೊಂಗೆಯ ತುದಿ ಚುಚ್ಚಿ ನನ್ನ ಕೈಯಲ್ಲಿ ರಕ್ತ ಬಂದಿದ್ದಿದೆ, ಆ ಮಾತು ಬೇರೆ. ಲಾಸೋನಿಯಾ ಮಾತ್ರ ಒಬ್ಬ ಮನುಷ್ಯನ ಹೆಸರು. ಯಾರು ಆತ? ಅಮೆರಿಕದ ಕ್ಯಾರೊಲಿನಾದಲ್ಲಿ ಅಲೆದು, 1709ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ ಜಾನ್ ಲಾಸನ್ ಎಂದಿತ್ತು.

ಅಲ್ಲ. ಆತ ಐಸಾಕ್ ಲಾಸನ್, ಸ್ಕಾಟ್ಲೆಂಡಿನ ವೈದ್ಯ. ಲಿನೇಯಸ್ ಕೈಯಲ್ಲಿ ಕಾಸಿಲ್ಲದೆ ಹಾಲೆಂಡಿನಲ್ಲಿದ್ದಾಗ, 1735ರಲ್ಲಿ, ಗಿಡ-ಪ್ರಾಣಿಗಳನ್ನು ವರ್ಗ ಮಾಡಿದ ಅವನ 'ಸಿಸ್ಟೆಮಾ ನ್ಯಾಚುರೆ' ಪುಸ್ತಕ ಅಚ್ಚಾಗಲು ಡಚ್ ಸಸ್ಯಶಾಸ್ತ್ರಜ್ಞ ಗ್ರೊನೋವಿಯಸ್ ಜೊತೆ ಸೇರಿ ದುಡ್ಡು ಕೊಟ್ಟ ಗೆಳೆಯ. ಜಾನ್ ಲಾಸನ್ 1711ರಲ್ಲೇ ಸತ್ತಿದ್ದ. ಆಗ ಲಿನೇಯಸ್ ನಾಲ್ಕು ವರ್ಷದ ಕೂಸು. ಹಾಗಂತ ಸತ್ತವರ ಹೆಸರು ಇಡಬಾರದೆಂದೇನಿಲ್ಲ. ಬಸವನಪಾದಕ್ಕೆ ಬಾಹಿನಿಯಾ ಎಂಬ ಹೆಸರಿರುವುದು ಲಿನೇಯಸ್‌ಗಿಂತ ಎಷ್ಟೋ ಹಿಂದಿನ, ಸಸ್ಯಶಾಸ್ತ್ರಜ್ಞರಾಗಿದ್ದ ಬೋಹಾನ್ ಅಣ್ಣತಮ್ಮಂದಿರ ನೆನಪಿಗೆ. ಎರಡು ಹೋಳಾಗಿ ಬುಡದಲ್ಲಿ ಕೂಡಿದ ಎಲೆ, ಒಬ್ಬೊಬ್ಬರಿಗೆ ಒಂದೊಂದು ಹೋಳು. ಅಲ್ಲಿ ಯಾರಿಗೂ ಗೊಂದಲವಿಲ್ಲ, ಇಬ್ಬರಿಗೂ ಪಾಲು ಸಿಕ್ಕಿದೆ.

ಒಬ್ಬನದೇ ಹೆಸರಿದ್ದಾಗ ತಾಪತ್ರಯ. ನಮ್ಮ ಕಡೆ ಇದಕ್ಕೇ ಅಡ್ಡಹೆಸರು ಇರುವುದು, ಅಲ್ವಾ? ಬರೀ ಬಸಪ್ಪ ಅಂದರೆ ಹುಬ್ಬಳ್ಳಿಯಲ್ಲಿ ಅರ್ಧ ಪೇಟೆ ತಿರುಗಿ ನೋಡುತ್ತದೆ. ಉಳ್ಳಾಗಡ್ಡಿ ಬಸಪ್ಪ, ಮೆಣಸಿನಕಾಯಿ ಬಸಪ್ಪ ಅಂದರೆ ಟಪಾಲು ಸರಿಯಾದ ಮನೆಗೆ ಹೋಗುತ್ತದೆ. ಸಸ್ಯಶಾಸ್ತ್ರದವರಿಗೂ ಈ ಬುದ್ಧಿ ಇಲ್ಲದಿಲ್ಲ. ಗಿಡಕ್ಕೆ ಹೆಸರಿಟ್ಟವರನ್ನು ಬರೆಯುವಾಗ ಅಪ್ಪ ವಿಲಿಯಂ ಹೂಕರ್‌ಗೆ 'ಹುಕ್.' ಎನ್ನುತ್ತಾರೆ, ಮಗ ಜೋಸೆಫ್‌ಗೆ ಅದರ ಕೊನೆಗೊಂದು 'ಎಫ್.' ಸೇರಿಸುತ್ತಾರೆ. ಫಿಲಿಯಸ್, ಲ್ಯಾಟಿನ್‌ನಲ್ಲಿ ಮಗ. ಆದರೆ ಗಿಡದ ಹೆಸರೊಳಗೇ ಸೇರಿಹೋದವನಿಗೆ ಈ ಸೌಲಭ್ಯವಿಲ್ಲ. ಲಾಸೋನಿಯಾದಲ್ಲಿ ಐಸಾಕ್ ಎಲ್ಲಿ ಕಾಣುತ್ತಾನೆ? ಸಾಲದ್ದಕ್ಕೆ ಮೂರನೆಯವನೂ ಇದ್ದಾನೆ. ಲಾಸನ್ ಸೈಪ್ರೆಸ್ ಎಂಬ ಮರ ಎಡಿನ್‌ಬರೋದ ಸಸಿ ವ್ಯಾಪಾರಿ ಚಾರ್ಲ್ಸ್ ಲಾಸನ್‌ನದು.

ನಾನು ತಿದ್ದಿದೆ. ಸಣ್ಣ ಕೆಲಸ, ಒಂದೇ ಸಾಲು. ಆದರೂ ಯಾರದೋ ಮನೆಗೆ ಹೋಗಿದ್ದ ಲಗ್ನಪತ್ರಿಕೆ ತಂದು ಸರಿಯಾದ ಬಾಗಿಲಿಗೆ ಕೊಟ್ಟಷ್ಟು ಖುಷಿಯಾಯಿತು. ಸಂಜೆ ಅವ್ವ ನನ್ನ ಎರಡೂ ಅಂಗೈಗೆ ಮದರಂಗಿ ಮೆತ್ತಿ, ಬೆರಳ ತುದಿಗೆಲ್ಲ ಟೊಪ್ಪಿಗೆ ಹಾಕಿ ಕೂರಿಸಿದಳು. ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಯಾರೋ ಪುಣ್ಯಾತ್ಮರು ನನ್ನ ಸಾಲು ಅಳಿಸಿ ಜಾನ್‌ನನ್ನು ವಾಪಸು ಕೂರಿಸಿದ್ದರು.

ಕೈ ಒಣಗಲು ಇನ್ನೂ ಎರಡು ತಾಸು. ತಡೆಯಲಾಗಲಿಲ್ಲ. ಅಣ್ಣನ ಮಗನನ್ನು ಕರೆದು ಫೋನು ಕೊಟ್ಟು, "ಲಾಸನ್ ಅಂತ ಹೊಡಿಯೋ" ಎಂದೆ. ಉಂಡಿ ಮೆಲ್ಲುತ್ತಲೇ ಹುಡುಕಿದ. ಪರದೆಯ ತುಂಬ ಉದ್ದಕ್ಕೆ ಹೆಸರುಗಳು ಬಂದವು.

"ಅತ್ತಿ, ಇಲ್ಲಿ ಭಾಳ ಮಂದಿ ಅದಾರ. ನಿಮ್ಮಾಂವ ಯಾರು?"