16 ಮಣಿ, ತೂತು ಸೊನ್ನೆ

ನಮ್ಮವರ ಕೆಲಸದ ದೆಸೆಯಿಂದ ಘಾನಾದ ಅಕ್ರಾಗೆ ಬಂದಿಳಿದ ಮೇಲೆ ನನಗೆ ಹೊತ್ತು ಹೋಗುವುದೇ ಕಷ್ಟವಾಯಿತು. ಅಡುಗೆ ಎಷ್ಟು ಅಂತ ಮಾಡುವುದು? ಸರ ಪೋಣಿಸೋಣ ಅಂತ ಕುಳಿತೆ. ಗಾಜಿನ ಮಣಿಗೆ ಆ ದೇಶ ಹೆಸರುವಾಸಿ, ಅಲ್ವಾ?

ಗುರುವಾರ ಕೊಫೊರಿಡುವಾದಲ್ಲಿ ಮಣಿ ಸಂತೆ. ಹೋದೆ. ಸಣ್ಣ ಮಣಿಗಳ ಉದ್ದನೆಯ ಸರವೊಂದು ಕಣ್ಣಿಗೆ ಬಿತ್ತು. ಕೊಂಡು, ಅಲ್ಲೇ ಕೊರಳಿಗೆ ಎರಡು ಸುತ್ತು ಸುತ್ತಿಕೊಂಡು ಸಂತೆಯೆಲ್ಲ ಓಡಾಡಿದೆ. ಹೆಂಗಸರೆಲ್ಲ ನನ್ನ ನೋಡಿ ನಗುತ್ತಿದ್ದರು. ಎಷ್ಟು ಒಳ್ಳೆ ಜನ ಅಂತ ನಾನೂ ನಕ್ಕೆ. ಕೊನೆಗೆ ಒಬ್ಬಾಕೆ ಹತ್ತಿರ ಕರೆದು ಪಿಸುಗುಟ್ಟಿದಳು: "ಮೇಡಂ, ಅದು ಸೊಂಟಕ್ಕೆ. ಬಟ್ಟೆ ಒಳಗೆ." ಉಡಿದಾರ ಕೊರಳಿಗೆ ಹಾಕಿಕೊಂಡು ಊರ ಸಂತೆ ಸುತ್ತಿದ ಹಾಗಾಯಿತು ನನ್ನ ಕಥೆ.

ಇನ್ನು ಕೊಳ್ಳುವುದು ಬೇಡ, ಮಾಡುವುದನ್ನೇ ಕಲಿಯೋಣ ಅಂತ ಕ್ರೋಬೊ ಜನರ ಒಡುಮಾಸೆ ಊರಿಗೆ ಹೋದೆ. ಅಲ್ಲಿ ಹಳೇ ಬಾಟಲಿಗಳನ್ನು ಕುಟ್ಟಿ, ಜರಡಿ ಹಿಡಿದು, ರಾಗಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತಾರೆ. ಬಿಯರ್ ಬಾಟಲಿಗೆ ಇಷ್ಟು ಒಳ್ಳೆ ಗತಿ ಬೇರೆಲ್ಲೂ ಸಿಗಲಿಕ್ಕಿಲ್ಲ. ಅಚ್ಚು ನೋಡಿದಾಗಲಂತೂ ತವರಿಗೇ ಬಂದಂತಾಯಿತು. ಮಣ್ಣಿನ ಬಿಲ್ಲೆ, ತುಂಬ ಗುಳಿಗಳು, ಥೇಟ್ ನಮ್ಮ ಪಡ್ಡಿನ ಹೆಂಚು! ಗಾಜು ಹಿಡಿಯದಿರಲೆಂದು ಒಳಗೆ ಬಿಳಿ ಜೇಡಿಮಣ್ಣು ಬಳಿದಿರುತ್ತಾರೆ, ನಾವು ಎಣ್ಣೆ ಸವರುವ ಹಾಗೆ. ಕುಲುಮೆಯೋ, ಹುತ್ತದ ಮಣ್ಣಿನದು.

"ಪಡ್ಡು ಹಾಕಿ ಹಾಕಿ ಕೈ ಪಳಗಿದೆ, ನಾನೇ ತುಂಬುತ್ತೇನೆ" ಅಂದೆ. ಮಣಿ ಮಾಡುವ ಹಿರಿಯರು ಒಪ್ಪಿದರು. ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟಿನ ಚೂರು ನಿಲ್ಲಿಸಿ, ಸುತ್ತ ಪುಡಿ ತುಂಬಬೇಕು ಅಂತ ತೋರಿಸಿಕೊಟ್ಟು ಬೆಂಕಿ ನೋಡಲು ಹೋದರು. ತೊಟ್ಟು ಬೆಂಕಿಯಲ್ಲಿ ಸುಟ್ಟುಹೋಗಿ ತೂತು ಉಳಿಯುತ್ತದೆ. ಎಂಥ ಉಪಾಯ! ನಾನು ಗುಳಿಗೊಂದು ಕಡ್ಡಿ ನಿಲ್ಲಿಸಿ, ಕೆಂಪು, ನೀಲಿ, ಹಳದಿ, ಹಸಿರು ಪುಡಿ ತುಂಬಿದೆ. ಮೇಲೆ ಸಮ ಕಾಣಲಿಲ್ಲ. ಡಬ್ಬಿಯಲ್ಲಿ ಹಿಟ್ಟು ಕೂರಿಸಿದ ಹಾಗೆ ಅಚ್ಚನ್ನು ನೆಲಕ್ಕೆ ಕುಟ್ಟಿದೆ. ಕಡ್ಡಿಗಳೆಲ್ಲ ವಾಲಿದವು. ಇವು ಯಾಕೆ ಅಡ್ಡ ಬರುತ್ತಿವೆ ಅಂತ ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟು, ಗುಳಿಗಳ ಮೇಲೆ ಬೆರಳಾಡಿಸಿ ನುಣ್ಣಗೆ ಮಾಡಿದೆ. ಆಮೇಲೆ ಮತ್ತೆ ಚುಚ್ಚೋಣ ಅಂದುಕೊಂಡಿದ್ದೆ, ನಿಜ. ಅಷ್ಟರಲ್ಲಿ ಮಗ ಫೋನ್ ಮಾಡಿ ಮೊಸರು ಎಲ್ಲಿದೆ ಅಂತ ಕೇಳಿದ. ಅಚ್ಚು ಕುಲುಮೆಗೆ ಹೋಯಿತು.

ಬೆಂದು ತಣಿದ ಮೇಲೆ ಹಿರಿಯರು ಒಂದನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಇನ್ನೊಂದು ತೆಗೆದರು. ಆಮೇಲೆ ನನ್ನ ಪಕ್ಕದಲ್ಲಿ ಸಾಲಾಗಿ ಬಿದ್ದಿದ್ದ 16 ಕಡ್ಡಿಗಳನ್ನು ನೋಡಿದರು. "ಸಾರಿ" ಅಂದರು. ಘಾನಾದಲ್ಲಿ ನೀವೇ ಎಡವಿ ಬಿದ್ದರೂ ಪಕ್ಕದವರು ಸಾರಿ ಅನ್ನುತ್ತಾರೆ, ಅದು ಅಲ್ಲಿಯ ಮರ್ಯಾದೆ. ಆದರೆ ಅವರ ಹೆಗಲು ಕುಲುಕುತ್ತಿತ್ತು.

ಕಲಿಸಿದ್ದಕ್ಕೆ ದುಡ್ಡು ಕೊಡಬೇಕಲ್ಲ, ಕೊಟ್ಟೆ. ಅಲ್ಲಿಯ ದುಡ್ಡಿನ ಹೆಸರು ಸೀಡಿ. ಅಕಾನ್ ಭಾಷೆಯಲ್ಲಿ ಕವಡೆಗೆ ಹೇಳುವ ಮಾತಿನಿಂದ ಬಂದದ್ದಂತೆ. ಮನೆಗೆ ಬಂದ ಮೇಲೆ ನಮ್ಮವರು ಮಣಿಗಳನ್ನು ಉರುಳಿಸಿ ನೋಡಿ, "ಕವಡೆ ಕಾಸಿನ ಬೆಲೆಯಿಲ್ಲ ಅಂತಾರಲ್ಲ, ನೀನು ಕವಡೆಯನ್ನೇ ಕೊಟ್ಟು ತಂದಿದ್ದೀಯ" ಅಂದರು.

ಕವಡೆ ಅಂದಾಗಲೇ ಹೊಳೆದದ್ದು. ನಾಲ್ಕು ಬಣ್ಣ, ಬಣ್ಣಕ್ಕೆ ನಾಲ್ಕು. ಚೌಕಾಬಾರದ ಕಾಯಿ! ಆ ರಾತ್ರಿಯೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಳಿತೆವು. ಮೂರನೇ ಆಟಕ್ಕೆ ನನಗೆ ಎಂಟು ಬಿತ್ತು. ಕಾಯಿಯನ್ನು ಕಟ್ಟೆಯಲ್ಲಿಟ್ಟೆ. ಅದು ಒಂದು ಕ್ಷಣ ಯೋಚಿಸಿ, ಉರುಳಿಕೊಂಡು ಫ್ರಿಜ್ಜಿನ ಕೆಳಗೆ ಹೋಯಿತು.