ಪುರುವಂ, ಹುಬ್ಬು, ಉಬ್ಬು

ನಾನು ಹಾಸನದವನು, ಇರುವುದು ಚೆನ್ನೈನಲ್ಲಿ. ಇಲ್ಲಿ ಹುಬ್ಬಿಗೆ ಪುರುವಂ ಅಂತಾರೆ. ಮಲಯಾಳದಲ್ಲಿ ಅದು ಪುರಿಕಂ. ನಮ್ಮ ಹಳಗನ್ನಡದಲ್ಲಿ ಪುರ್ಬು. ಎಲ್ಲಾ ಒಂದೇ ಬೇರಿನ ಮಾತುಗಳು. ತಮಿಳರು ಮೊದಲಿನ ಪಕಾರವನ್ನು ಉಳಿಸಿಕೊಂಡರು, ನಾವು ಬಿಟ್ಟೆವು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಪುರ್ಬಿನ ನಡುವಿನ ರಕಾರ ಪಕ್ಕದ ಬಕಾರದಲ್ಲಿ ಸೇರಿ ಹುಬ್ಬು ಆಯಿತು. ಪರ್ವ ಹಬ್ಬವಾದದ್ದೂ ಹೀಗೇ.

ಊರಿನಲ್ಲಿ ಹಿರಿಯರು ಬೇರೆ ಕಾರಣ ಕೊಡುತ್ತಾರೆ. "ಮೂಳೆ ಉಬ್ಬಿರೋ ಜಾಗ ಕಣಪ್ಪ, ಅದಕ್ಕೇ ಉಬ್ಬು." ಕೇಳೋಕೆ ಚೆನ್ನಾಗಿದೆ. ಆದರೆ ಉಬ್ಬುವುದರಿಂದ ಬಂದಿದ್ದರೆ ಪುರ್ಬು, ಪುರುವಂ ಎರಡರಲ್ಲೂ ಪಕಾರ ಎಲ್ಲಿಂದ ಬರಬೇಕು?

ಈ ಬದಲಾವಣೆಗೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಅದರಲ್ಲಿ ಊರಿನ ಹೆಸರು 'ಪಲ್ಮಡಿ' ಎಂದಿದೆ. ಇವತ್ತು ಬಸ್ಸಿನಲ್ಲಿ ಹೋಗುವವರು ಹಲ್ಮಿಡಿ ಅಂತಾರೆ. ಪುರ್ಬು ಹುಬ್ಬಾದ ದಾರಿಯಲ್ಲೇ ಆ ಊರಿನ ಹೆಸರೂ ನಡೆದಿದೆ. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ ಆಗುತ್ತದೆ.

ಆ ದಾರಿ ಅಲ್ಲಿಗೇ ನಿಂತಿಲ್ಲ. ಹಾಸನದ ಹಳ್ಳಿಗಳಲ್ಲಿ ಹಕಾರವೂ ಬಿದ್ದುಹೋಗಿದೆ. ಆಲು, ಅಬ್ಬ, ಉಬ್ಬು. ಹೀಗೆ ಮಾತಾಡುವ ಮಕ್ಕಳನ್ನು ಪೇಟೆಯವರು ನಗೆಯಾಡುವುದು ನನಗೆ ತುಂಬಾ ನೋವು ಕೊಡುತ್ತದೆ. ಕ್ಲಾಸಿನಲ್ಲಿ ಎಲ್ಲರೆದುರು 'ಆಲಲ್ಲ, ಹಾಲು' ಎಂದು ಹತ್ತು ಸಲ ಹೇಳಿಸಿಕೊಂಡ ಮಗು ಆಮೇಲೆ ಬಾಯೇ ಬಿಡುವುದಿಲ್ಲ.

ಈ ವಿಷಯದಲ್ಲಿ ಚೆನ್ನೈ ರೀತಿ ನನಗೆ ಇಷ್ಟ. ಜಾಸ್ತಿ ಓದಿದವರೂ ಮನೆಯಲ್ಲಿ, ಆಫೀಸಿನಲ್ಲಿ ಆಡುಮಾತಿನ ತಮಿಳಿನಲ್ಲೇ ಮಾತಾಡುತ್ತಾರೆ. ಪುಸ್ತಕದ ತಮಿಳು ಬರಹಕ್ಕೆ, ವೇದಿಕೆಗೆ. ಎರಡಕ್ಕೂ ಜಾಗ ಇದೆ. ಅಲ್ಲೂ ಮೇಲು ಕೀಳು ಇಲ್ಲವೆಂದಲ್ಲ, ಆದರೆ ಆಡುಮಾತು ಆಡಿದ್ದಕ್ಕೆ ಯಾರೂ ತಲೆ ತಗ್ಗಿಸುವುದಿಲ್ಲ.

ಬರೆಯುವಾಗ ಹುಬ್ಬು ಅಂತಲೇ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಬ್ಬು ಅನ್ನುವ ಬಾಯಿ ಕೆಟ್ಟಿದೆ ಅನ್ನುವುದು ಸುಳ್ಳು. ಪಕಾರ ಬಿಟ್ಟವರು ನಾವೇ ಅಲ್ವಾ? ಹಾಸನದ ಮೇಷ್ಟ್ರುಗಳು ಹಲ್ಮಿಡಿಯ ಪಾಠ ಮಾಡುವ ದಿನ ಪುರ್ಬು, ಹುಬ್ಬು, ಉಬ್ಬು ಮೂರನ್ನೂ ಬೋರ್ಡಿನ ಮೇಲೆ ಒಂದೇ ಸಾಲಿನಲ್ಲಿ ಬರೆಯಲಿ. ಮೂರನೆಯದನ್ನು ಓದಲು ಹಳ್ಳಿಯ ಮಗುವನ್ನೇ ಕರೆಯಲಿ.